ನೀರು ಬಂತು, ಅದರ ವರದಿಯೂ ಬರಲಿ

ಸಣ್ಣ ನೀರಾವರಿ ಇಲಾಖೆ, ಬೆಂಗಳೂರು ಜಲಮಂಡಳಿ ಹಾಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳಿಗೆ ಮತ್ತು ಎಂಜಿನಿಯರುಗಳಿಗೆ, ಕೋಲಾರ ಜಿಲ್ಲೆಯ ನಿವಾಸಿಗಳ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆ ನಿಲ್ಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಯಾರು ಬಾಯಿ ತೆರೆದರೂ ಅವರು ಕೋಲಾರಕ್ಕೆ ನೀರು ಬರುವುದನ್ನೇ ಸಹಿಸದವರು ಎಂದು ತೀರ್ಮಾನಿಸಿಬಿಡುವ ಅಭ್ಯಾಸ ಬೆಳೆದಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ನದಿಯಲ್ಲಿ ಜೋರು ಮಳೆಯಾದ ವರ್ಷ ಬಿಟ್ಟರೆ ಹರಿವು ಕಾಣುವುದಿಲ್ಲ. ಹಿಂದಿನವರು ಕಟ್ಟಿದ ಕೆರೆಗಳು ಒಂದರ ಕೋಡಿ ಇನ್ನೊಂದರ ಒಡಲಿಗೆ ಸೇರುವಂತೆ ಸಾಲು ಸಾಲಾಗಿದ್ದರೂ ಎಷ್ಟೋ ವರ್ಷ ಒಣಗಿ, ಜಾಲಿ ಬೆಳೆದು ನಿಂತಿದ್ದವು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇನ್ನೂ ಕೆಳಗೆ ಹೋದವು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಬಂತು. ಅಂಥ ಸ್ಥಿತಿಯಲ್ಲಿ, 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿತ ನೀರು ಬಂದು ಬಿದ್ದಾಗ ಜಿಲ್ಲೆ ಸಂತೋಷಪಟ್ಟಿತು. ಆ ಸಂತೋಷ ಸುಳ್ಳಲ್ಲ. ಕೆರೆ ತುಂಬಿದ ಊರುಗಳ ಸುತ್ತ ಅಂತರ್ಜಲ ಮೇಲೆ ಬಂದಿದೆ, ಬತ್ತಿದ್ದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಸಿಕ್ಕಿದೆ, ಬೇಸಾಯ ಬಿಟ್ಟಿದ್ದ ಹೊಲಗಳಲ್ಲಿ ತರಕಾರಿ ಎದ್ದಿದೆ. ಇದರ ಹಿಂದಿರುವ ನಿಮ್ಮ ದುಡಿಮೆಗೆ ನಾವು ಕೃತಜ್ಞರು.

ನಾವು ಕೇಳುತ್ತಿರುವುದು ಬೇರೆ. ದಿನಕ್ಕೆ 44 ಕೋಟಿ ಲೀಟರ್ ನೀರನ್ನು 126 ಕೆರೆಗಳಿಗೆ ಹರಿಸಲು ರೂಪಿಸಿದ ಈ ಯೋಜನೆಯಲ್ಲಿ ನೀರಿನ ಪ್ರಮಾಣದ ಲೆಕ್ಕ ಇದೆ, ಪಂಪುಗಳ ಲೆಕ್ಕ ಇದೆ, ಕೊಳವೆಯ ಉದ್ದದ ಲೆಕ್ಕ ಇದೆ. ಆ ನೀರು ಕೊನೆಗೆ ಸೇರುವ ಜಾಗದಲ್ಲಿ, ಅಂದರೆ ಕೆರೆಯ ಕೆಳಗಿನ ಬೋರ್‌ವೆಲ್‌ನಲ್ಲಿ, ಅದರ ಗುಣ ಹೇಗಿದೆ ಎಂಬ ಲೆಕ್ಕ ಮಾತ್ರ ಅದನ್ನು ಕುಡಿಯುವವರ ಕೈಗೆ ಸಿಗುತ್ತಿಲ್ಲ. ಅದನ್ನು ಕೊಡಿ, ಆ ಲೆಕ್ಕ ಸರಿಬರುವಂತೆ ನೀರನ್ನು ಇನ್ನೊಂದು ಹಂತ ಶುದ್ಧ ಮಾಡಿ ಎಂಬುದಷ್ಟೇ ನಮ್ಮ ಬೇಡಿಕೆ.

ಈ ಬೇಡಿಕೆಗೆ ಎಲ್ಲಕ್ಕಿಂತ ಮೊದಲು ಬರುವ ಉತ್ತರ ನಮಗೆ ಗೊತ್ತು: ಈ ನೀರು ಕುಡಿಯುವುದಕ್ಕಲ್ಲ, ಅಂತರ್ಜಲ ಮರುಪೂರಣಕ್ಕೆ. ಕಾಗದದ ಮೇಲೆ ಇದು ಸರಿ. ಕೆರೆಗೆ ತೂಬು ಇದ್ದರೂ ಅದರಿಂದ ಗದ್ದೆಗೆ ನೇರವಾಗಿ ನೀರು ಬಿಡಬಾರದು, ಯಾರೂ ಪಂಪು ಇಟ್ಟು ಕೆರೆಯಿಂದ ಎತ್ತಬಾರದು ಎಂಬ ಕಟ್ಟುನಿಟ್ಟು ಕೂಡ ಇದೆ. ಆದರೆ ಕೋಲಾರದಲ್ಲಿ ಅಂತರ್ಜಲ ಎಂದರೆ ಏನು? ಹಳ್ಳಿಯ ಓವರ್‌ಹೆಡ್ ಟ್ಯಾಂಕಿಗೆ ಏರುವುದು ಅದೇ, ದನದ ತೊಟ್ಟಿಗೆ ಬೀಳುವುದು ಅದೇ, ಅಂಗನವಾಡಿಯ ಅಡುಗೆಗೆ ಹೋಗುವುದೂ ಅದೇ. ಇಲ್ಲಿ ಬೇರೆ ನೀರು ಇಲ್ಲ. ಕೇಂದ್ರ ಅಂತರ್ಜಲ ಮಂಡಳಿ ಜಿಲ್ಲೆಯ ತಾಲ್ಲೂಕುಗಳನ್ನು ಅತಿಬಳಕೆಯ ಪಟ್ಟಿಗೆ ಸೇರಿಸಿರುವುದು ನಾವು ನೆಲದ ನೀರೊಂದನ್ನೇ ನಂಬಿ ಬದುಕುತ್ತಿರುವುದರಿಂದ. ಹಾಗಿರುವಾಗ ಅಂತರ್ಜಲಕ್ಕೆ ಬಿಟ್ಟ ನೀರು ಕುಡಿಯುವುದಕ್ಕಲ್ಲ ಎನ್ನುವ ಮಾತು ಈ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ. ಕೆರೆಯಲ್ಲಿ ನಿಂತಿರುವ ತನಕ ಅದು ಸಂಸ್ಕರಿತ ನೀರು. ನೆಲಕ್ಕೆ ಇಳಿದ ಮೇಲೆ ಅದು ನಮ್ಮ ಕುಡಿಯುವ ನೀರು. ಯೋಜನೆ ಎಷ್ಟು ಯಶಸ್ವಿಯಾಗುತ್ತದೋ, ಅಂದರೆ ಎಷ್ಟು ಹೆಚ್ಚು ನೀರು ನೆಲಕ್ಕೆ ಇಂಗುತ್ತದೋ, ನಾವು ಕುಡಿಯುವ ನೀರಿನಲ್ಲಿ ಅದರ ಪಾಲೂ ಅಷ್ಟೇ ಹೆಚ್ಚುತ್ತದೆ.

ಈ ನೀರಿಗೆ ಮಾಡುವ ಎರಡನೇ ಹಂತದ ಸಂಸ್ಕರಣೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಈ ಪತ್ರ ಓದುವ ಇತರರಿಗಾಗಿ ಅದನ್ನು ಇಲ್ಲಿ ಹೇಳಬೇಕು. ಕೊಳಚೆ ನೀರಿನಿಂದ ಕಸ ಸೋಸಿ, ಗಸಿ ಇಳಿಸಿ, ಆಮೇಲೆ ಗಾಳಿ ಊದಿದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಗೆ ಬಿಟ್ಟರೆ, ಅವು ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ತಿಂದು ಹಾಕುತ್ತವೆ. ನೀರು ತಿಳಿಯಾಗುತ್ತದೆ, ವಾಸನೆ ಹೋಗುತ್ತದೆ, ಜೀವರಾಸಾಯನಿಕ ಆಮ್ಲಜನಕದ ಬೇಡಿಕೆ, ಅಂದರೆ ಬಿ.ಓ.ಡಿ., ಇಳಿಯುತ್ತದೆ. ಇದು ಸಣ್ಣ ಕೆಲಸವಲ್ಲ. ಆದರೆ ಆ ಜೀವಿಗಳು ಉಪ್ಪನ್ನು ತಿನ್ನುವುದಿಲ್ಲ. ನೈಟ್ರೇಟ್ ಮತ್ತು ರಂಜಕ, ಅದಕ್ಕೆಂದೇ ಬೇರೆ ವ್ಯವಸ್ಥೆ ಮಾಡದಿದ್ದರೆ, ಬಹುಪಾಲು ಉಳಿದುಕೊಳ್ಳುತ್ತವೆ. ಭಾರಲೋಹಗಳಲ್ಲಿ ಒಂದಷ್ಟು ಗಸಿಯ ಜೊತೆ ಹೋಗುತ್ತದೆ, ಕರಗಿದ ಭಾಗ ನೀರಿನ ಜೊತೆ ಮುಂದಕ್ಕೆ ಬರುತ್ತದೆ. ಮಾತ್ರೆ ಔಷಧಿಗಳ ಅಂಶ, ಮಾರ್ಜಕದ ಶೇಷ ಕೂಡ ಪೂರ್ತಿ ಹೋಗುವುದಿಲ್ಲ. ನೀರು ಬಂದ ಕೆಲವೇ ವಾರಗಳಲ್ಲಿ, 2018ರ ಜುಲೈನಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಹಾಗೆ ನೊರೆ ಎದ್ದಾಗ ಜನ ಗಾಬರಿಯಾದದ್ದು ಇದರಿಂದಲೇ. ಅದೇ ತಿಂಗಳು ಹೈಕೋರ್ಟ್ ನೀರು ಹರಿಸುವುದಕ್ಕೆ ತಡೆ ನೀಡಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ನೀಡಿತು, ಅದೇ ವರ್ಷ ಅದೂ ತೆರವಾಯಿತು. ಕೋರ್ಟಿನ ಬಾಗಿಲು ದಾಟಿದ ಮೇಲೆ ಪ್ರಶ್ನೆ ಮುಗಿಯಿತು ಎಂದು ದಯವಿಟ್ಟು ಭಾವಿಸಬೇಡಿ. ನೀರು ಹರಿಯಲು ಅನುಮತಿ ಸಿಕ್ಕಿತು. ಅದು ಹರಿಯುವಷ್ಟು ಕಾಲವೂ ಅದನ್ನು ಕಾಯುವ ಹೊಣೆ ನಿಮ್ಮ ಮೇಲೇ ಉಳಿದಿದೆ.

ನೀರು ನಿಗದಿತ ಮಾನದಂಡಕ್ಕೆ ಒಳಪಟ್ಟೇ ಬರುತ್ತಿದೆ ಎಂಬುದು ನಿಮ್ಮ ಮುಂದಿನ ಮಾತು. ಆ ಮಾನದಂಡವನ್ನೇ ಸ್ವಲ್ಪ ನೋಡೋಣ. ಕೊಳಚೆ ನೀರಿನ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಇರುವುದು ನಾಲ್ಕೇ ಅಳತೆ: ಆಮ್ಲ-ಕ್ಷಾರದ ಮಟ್ಟ, ಬಿ.ಓ.ಡಿ., ತೇಲುವ ಘನಕಣ, ಮಲಮೂಲದ ಕೋಲಿಫಾರ್ಮ್. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಬಿಗಿ ಮಾಡಿ ಸಾರಜನಕ, ರಂಜಕಗಳನ್ನೂ ಸೇರಿಸಿತು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಈ ಪಟ್ಟಿಯಲ್ಲಿ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅವೆಲ್ಲ ಇವೆ: ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಅಂದರೆ ಕೊಳಚೆ ನೀರಿನ ಮಾನದಂಡದಲ್ಲಿ ನೂರಕ್ಕೆ ನೂರು ಪಾಸಾದ ನೀರು ಕುಡಿಯುವ ನೀರಿನ ಪರೀಕ್ಷೆಯಲ್ಲಿ ಫೇಲ್ ಆಗಬಹುದು, ಏಕೆಂದರೆ ಮೊದಲ ಪರೀಕ್ಷೆಯಲ್ಲಿ ಆ ಪ್ರಶ್ನೆಗಳನ್ನೇ ಕೇಳಿಲ್ಲ. ನದಿಗೆ ಬಿಡುವ, ಹರಿದು ಹೋಗುವ ನೀರಿಗೆಂದು ಬರೆದ ಮಾನದಂಡ ಅದು. ನಮ್ಮ ಕೆರೆಗೆ ಬಂದ ನೀರು ಎಲ್ಲಿಗೂ ಹರಿದು ಹೋಗುವುದಿಲ್ಲ. ಇಲ್ಲೇ ನಿಲ್ಲುತ್ತದೆ, ಇಲ್ಲೇ ಇಂಗುತ್ತದೆ, ಇಲ್ಲೇ ಆವಿಯಾಗುತ್ತದೆ.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಯೋಜನೆಯ ಚರ್ಚೆಯಲ್ಲಿ ಅತಿ ಕಡಿಮೆ ಮಾತಾಡಿರುವುದು ಇದರ ಬಗ್ಗೆಯೇ. ಕರಗಿದ ಉಪ್ಪಿನ ವಿಷಯದಲ್ಲಿ ಬರುವ ನೀರು ಅತ್ಯುತ್ತಮ ಕುಡಿಯುವ ನೀರಿಗೆ ಸಮ ಎಂದೇ ಇಟ್ಟುಕೊಳ್ಳೋಣ. ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಂ. ಅರ್ಧ ಗ್ರಾಮಿನಂತೆ 44 ಕೋಟಿ ಲೀಟರಿಗೆ ದಿನಕ್ಕೆ 220 ಟನ್ ಆಯಿತು, ವರ್ಷಕ್ಕೆ 80 ಸಾವಿರ ಟನ್. ಕೊಳಚೆ ಮೂಲದ ನೀರಿನಲ್ಲಿ ಉಪ್ಪು ಇದಕ್ಕಿಂತ ಹೆಚ್ಚಿದ್ದರೆ ಲೆಕ್ಕವೂ ಹೆಚ್ಚುತ್ತದೆ. ಕೆರೆಯ ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಆರುವುದಿಲ್ಲ. ನೆಲಕ್ಕಿಳಿದ ನೀರನ್ನು ಬೋರ್‌ವೆಲ್‌ನಿಂದ ಎತ್ತಿ ಟೊಮೆಟೊಗೆ, ಹಿಪ್ಪುನೇರಳೆಗೆ ಹಾಯಿಸಿದರೆ ಗಿಡ ನೀರನ್ನು ಕುಡಿದು ಉಪ್ಪನ್ನು ಮಣ್ಣಿನಲ್ಲೇ ಬಿಡುತ್ತದೆ. ಮಳೆ ಬಂದಾಗ ಆ ಉಪ್ಪು ಮತ್ತೆ ಕೆಳಗಿಳಿಯುತ್ತದೆ. ಸುತ್ತು ಮತ್ತೆ ಮೊದಲಾಗುತ್ತದೆ. 2021ರಂಥ ಭಾರಿ ಮಳೆಯ ವರ್ಷದಲ್ಲಿ ಕೆರೆಗಳು ಕೋಡಿ ಹರಿದಾಗ ಒಂದಷ್ಟು ತೊಳೆದುಹೋಗುತ್ತದೆ ನಿಜ. ಆದರೆ ಕೋಲಾರದಲ್ಲಿ ಅಂಥ ವರ್ಷಗಳು ಅಪರೂಪ. ಹಾಗಾಗಿ ಒಂದು ದಿನ ತೆಗೆದ ಒಂದು ಬಾಟಲಿ ನೀರು ಸುರಕ್ಷಿತವೋ ಅಲ್ಲವೋ ಎಂಬುದಷ್ಟೇ ಪ್ರಶ್ನೆಯಲ್ಲ. ಹತ್ತು, ಇಪ್ಪತ್ತು ವರ್ಷ ಇದೇ ರೀತಿ ಬಂದು ಸೇರುತ್ತಾ ಹೋದರೆ ಕೆರೆಯ ಹೂಳಿನಲ್ಲಿ, ಅಚ್ಚುಕಟ್ಟಿನ ಮಣ್ಣಿನಲ್ಲಿ, ಅಂತರ್ಜಲದಲ್ಲಿ ಏನು ಕೂಡಿಕೊಳ್ಳುತ್ತದೆ? ಭಾರಲೋಹಕ್ಕೂ ಇದೇ ತರ್ಕ. ಪ್ರತಿ ಲೀಟರಿನಲ್ಲಿ ಅತಿ ಸ್ವಲ್ಪವೇ ಇದ್ದರೂ ಹೂಳು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ಆ ಹೂಳನ್ನು ರೈತರು ಗೊಬ್ಬರದ ಮಣ್ಣೆಂದು ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಹೊಡೆಯುತ್ತಾರೆ.

ನೆಲವೇ ಸೋಸುತ್ತದಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುವುದುಂಟು. ನೆಲ ಸೋಸುವುದು ಸುಳ್ಳಲ್ಲ, ಆದರೆ ಯಾವ ನೆಲ ಎಂದು ಕೇಳಬೇಕಾಗುತ್ತದೆ. ಇಸ್ರೇಲಿನಲ್ಲಿ ಟೆಲ್ ಅವೀವ್ ಸುತ್ತಲಿನ ಕೊಳಚೆ ನೀರನ್ನು ಶಾಫ್ದಾನ್ ಘಟಕದಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿ ಮರಳಿನ ದಿಬ್ಬಗಳಲ್ಲಿ ಇಂಗಿಸುತ್ತಾರೆ. ದಪ್ಪ ಮರಳಿನ ಪದರ ನಿಧಾನವಾಗಿ ಅದನ್ನು ಶುದ್ಧ ಮಾಡುತ್ತದೆ. ಅಷ್ಟಾದ ಮೇಲೂ ಆ ನೀರನ್ನು ಎತ್ತಿ ಅವರು ಕಳಿಸುವುದು ನೆಗೆವ್ ಪ್ರದೇಶದ ಬೇಸಾಯಕ್ಕೆ; ಕುಡಿಯುವ ನೀರಿನ ಬಾವಿಗಳಿಗೆ ಅದು ಸೇರದಂತೆ ಸುತ್ತ ವೀಕ್ಷಣಾ ಬಾವಿಗಳನ್ನಿಟ್ಟು ಕಾಯುತ್ತಾರೆ. ಕೋಲಾರದ ಕೆಳಗಿರುವುದು ಮರಳಲ್ಲ, ಗ್ರಾನೈಟು ಮತ್ತು ನೈಸ್ ಬಂಡೆ. ಮೇಲೆ ಶಿಥಿಲ ಮಣ್ಣಿನ ಒಂದು ಪದರ, ಅದರ ಕೆಳಗೆ ಬಂಡೆಯ ಬಿರುಕು. ನೀರು ಆ ಬಿರುಕಿಗೆ ಸೇರಿದ ಮೇಲೆ ಸೋಸಲು ಅಲ್ಲಿ ಏನೂ ಇಲ್ಲ. ಬಿರುಕು ಹೋದ ಕಡೆ ನೀರು ಹೋಗುತ್ತದೆ. ಇದರ ಮೇಲೆ, ನೀರು ಸಿಗದೆ ಕೈಬಿಟ್ಟ ಕೊಳವೆಬಾವಿಗಳು ಜಿಲ್ಲೆಯ ತುಂಬ ಇವೆ, ಕೆರೆ ಅಂಗಳದ ಒಳಗೂ ಇವೆ. ಬಾಯಿ ಮುಚ್ಚದ ಒಂದೊಂದು ಬಾವಿಯೂ ಮಣ್ಣಿನ ಪದರವನ್ನು ದಾಟಿಸಿ ಕೆರೆ ನೀರನ್ನು ನೇರವಾಗಿ ಬಂಡೆಯೊಳಗೆ ಇಳಿಸುವ ಕೊಳವೆ. ನೆಲವೇ ಸೋಸುತ್ತದೆ ಎಂಬ ಭರವಸೆಯನ್ನು ಕೆರೆ ಕೆರೆಗೂ ಪರೀಕ್ಷೆ ಮಾಡಿಯೇ ನಂಬಬೇಕು. ಬಿರುಕು ಎಲ್ಲೆಡೆ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಒಂದು ಊರಿನ ಫಲಿತಾಂಶ ಪಕ್ಕದ ಊರಿಗೆ ಸಾಕ್ಷಿಯಾಗುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆ ಅಧ್ಯಯನ ಮಾಡಿದೆ, ಅಂತರ್ಜಲ ಏರಿದೆ ಎಂದು ಹೇಳಿದೆ ಎಂಬುದೂ ಒಂದು ಉತ್ತರ. ಆ ಸಂಸ್ಥೆಯ ಬಗ್ಗೆ ನಮಗೆ ಗೌರವವಿದೆ, ನೀರಿನ ಮಟ್ಟ ಏರಿದ್ದನ್ನು ನಾವೇ ಮೊದಲಿಗೆ ಒಪ್ಪಿದ್ದೇವೆ. ಆದರೆ ಅಧ್ಯಯನವೇ ಬೇರೆ, ನಿಗಾ ಬೇರೆ. ಅಧ್ಯಯನಕ್ಕೆ ಒಂದು ಆರಂಭ, ಒಂದು ಮುಕ್ತಾಯ ಇರುತ್ತದೆ; ಪಂಪು ಓಡುವುದಕ್ಕೆ ಮುಕ್ತಾಯ ಇಲ್ಲ. ನೀರು ಏರಿತೇ ಎಂಬ ಪ್ರಶ್ನೆಗೂ ಏರಿದ ನೀರಿನಲ್ಲಿ ಏನಿದೆ ಎಂಬ ಪ್ರಶ್ನೆಗೂ ಬೇರೆ ಬೇರೆ ಉತ್ತರ ಬೇಕು. ನೀವೇ ನಿಯಮಿತವಾಗಿ ಪರೀಕ್ಷೆ ಮಾಡಿಸುತ್ತಿದ್ದೀರಿ ಎಂದಾದರೆ ಇನ್ನೂ ಒಳ್ಳೆಯದು, ನಮ್ಮ ಕೋರಿಕೆಯ ಅರ್ಧ ಭಾಗಕ್ಕೆ ಹೊಸ ಖರ್ಚೇ ಇಲ್ಲ. ಫಲಿತಾಂಶವನ್ನು ಕೆರೆ ಏರಿಯ ಮೇಲೆ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಕನ್ನಡದಲ್ಲಿ ಹಾಕಿದರಾಯಿತು. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಜನ ಅರ್ಜಿ ಹಾಕಿ ಕೇಳುವ ತನಕ ಕಾಯದೆ ಇಂಥ ಮಾಹಿತಿಯನ್ನು ಇಲಾಖೆಗಳೇ ಪ್ರಕಟಿಸಬೇಕು ಎಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ತನ್ನ ನೀರಿನಲ್ಲಿ ಏನಿದೆ ಎಂಬುದನ್ನು ತಿಳಿಯದವನಿಗೆ ಆ ಹಕ್ಕನ್ನು ಚಲಾಯಿಸುವ ದಾರಿಯೇ ಇರುವುದಿಲ್ಲ.

ಅಂಕಿ ಅಂಶ ಬಹಿರಂಗ ಮಾಡಿದರೆ ಜನ ಹೆದರುತ್ತಾರೆ, ಕೋಲಾರದ ತರಕಾರಿ ಕೊಳ್ಳುವವರು ಹಿಂಜರಿಯುತ್ತಾರೆ ಎಂಬ ಆತಂಕ ನಿಮ್ಮಲ್ಲಿ ಮಾತ್ರವಲ್ಲ, ನಮ್ಮ ರೈತರಲ್ಲೂ ಇದೆ. ಅದನ್ನು ನಾವು ಹಗುರವಾಗಿ ನೋಡುವುದಿಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಜಿಲ್ಲೆಯ ಸಂಸಾರಗಳು ನಡೆಯುವುದು ತರಕಾರಿ, ಹಾಲು, ರೇಷ್ಮೆ, ಮಾವಿನ ಮೇಲೆ. ಆದರೆ ಹೆದರಿಕೆ ಹುಟ್ಟುವುದು ಮಾಹಿತಿ ಇಲ್ಲದ ಕಡೆ. ಅಧಿಕೃತ ವರದಿ ಇಲ್ಲವಾದ್ದರಿಂದ ಮೊಬೈಲಿಗೆ ಬಂದ ಒಂದು ನೊರೆಯ ವಿಡಿಯೋ, ಯಾರೋ ಎಲ್ಲಿಯೋ ಮಾಡಿಸಿದ ಒಂದು ಪರೀಕ್ಷೆ ಇಡೀ ಜಿಲ್ಲೆಯ ಬೆಳೆಯ ಹೆಸರು ಕೆಡಿಸಬಲ್ಲದು. ನಿಮ್ಮ ಬಳಿ ಒಳ್ಳೆಯ ಫಲಿತಾಂಶ ಇದ್ದರೆ ಅದೇ ನಮ್ಮ ರೈತನ ರಕ್ಷಣೆ. ಕೆಟ್ಟ ಫಲಿತಾಂಶ ಇದ್ದರೆ ಅದು ಮೊದಲು ಗೊತ್ತಾಗಬೇಕಾದದ್ದು ಅದೇ ರೈತನ ಮನೆಯವರಿಗೆ. ಜಪಾನಿನ ತೊಯಾಮಾದಲ್ಲಿ ಜಿಂಜೂ ನದಿಗೆ ಗಣಿಯಿಂದ ಸೇರಿದ ಕ್ಯಾಡ್ಮಿಯಂ ಗದ್ದೆಯ ನೀರಿನ ಮೂಲಕ ಅಕ್ಕಿಗೆ, ಅಕ್ಕಿಯ ಮೂಲಕ ಮನುಷ್ಯರ ಮೂಳೆಗೆ ಸೇರಿತು. ಇತಾಯ್ ಇತಾಯ್ ಎಂಬ ಆ ರೋಗಕ್ಕೆ ಮಾಲಿನ್ಯವೇ ಕಾರಣ ಎಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ, ಹೆಂಗಸರು ದಶಕಗಳ ಕಾಲ ನರಳಿದ ಮೇಲೆ. ಕೋಲಾರದಲ್ಲಿ ಅಂಥದ್ದು ಆಗಿದೆ ಎಂದು ನಾವು ಹೇಳುತ್ತಿಲ್ಲ. ನಿಧಾನವಾಗಿ ಕೂಡಿಕೊಳ್ಳುವ ವಿಷ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಅಷ್ಟನ್ನೇ ಹೇಳುತ್ತಿದ್ದೇವೆ. ಈ ಪಾಠಕ್ಕೆ ಜಪಾನಿನವರೆಗೂ ಹೋಗಬೇಕಾಗಿಲ್ಲ. ನಮ್ಮದೇ ಕೆ.ಜಿ.ಎಫ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆದು 2001ರಲ್ಲಿ ಗಣಿ ಮುಚ್ಚಿದರು. ಚಿನ್ನ ಹೋಯಿತು, ಸೈನೈಡ್ ದಿಬ್ಬಗಳು ಉಳಿದವು. ಅವುಗಳ ದೂಳು ಇವತ್ತಿಗೂ ಸುತ್ತಲಿನ ಮನೆಗಳ ಮೇಲೆ ಬೀಳುತ್ತದೆ.

ಇನ್ನು ಖರ್ಚಿನ ಮಾತು. ಮೂರನೇ ಹಂತದ ಸಂಸ್ಕರಣೆ ದುಬಾರಿ, ಇಷ್ಟು ನೀರಿಗೆ ಸಾಧ್ಯವಿಲ್ಲ ಎನ್ನುತ್ತೀರಿ. ಜಗತ್ತಿನ ಬೇರೆ ಕಡೆಯೂ ಕೊಳಚೆ ನೀರನ್ನು ಮರುಬಳಕೆ ಮಾಡುತ್ತಾರೆ ಎಂದು ಯೋಜನೆಯ ಪರವಾಗಿ ಹೇಳುವಾಗ ಸಿಂಗಪುರದ ಹೆಸರು ಬರುತ್ತದೆ. ಸಿಂಗಪುರ ತನ್ನ ನ್ಯೂವಾಟರ್‌ಗೆ ಸೂಕ್ಷ್ಮ ಶೋಧಕ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಕಿರಣ, ಈ ಮೂರನ್ನೂ ಬಳಸುತ್ತದೆ. ನಮ್ಮ ಹಾಗೆಯೇ ಅಂತರ್ಜಲಕ್ಕೆ ಸಂಸ್ಕರಿತ ನೀರು ತುಂಬುವ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಕೂಡ 2008ರಿಂದ ಇಂಥದ್ದೇ ಹಂತಗಳನ್ನು ದಾಟಿಸಿಯೇ ನೀರನ್ನು ನೆಲಕ್ಕಿಳಿಸುತ್ತಿದೆ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೂ ಕೊಳಚೆ ನೀರನ್ನು ಕುಡಿಯುವ ನೀರಾಗಿಸುತ್ತಿದೆ, ಮತ್ತು ನಮೀಬಿಯಾ ಶ್ರೀಮಂತ ದೇಶವಲ್ಲ. ಕುಡಿಯುವವರ ತನಕ ತಲುಪುವ ನೀರಿಗೆ ಎರಡನೇ ಹಂತ ಸಾಲದು ಎಂದೇ ಅವರೆಲ್ಲ ಮುಂದಕ್ಕೆ ಹೋಗಿದ್ದಾರೆ. 44 ಕೋಟಿ ಲೀಟರಿಗೂ ರಿವರ್ಸ್ ಆಸ್ಮೋಸಿಸ್ ಮಾಡಿ ಎಂದು ನಾವು ಹಟ ಹಿಡಿಯುವುದಿಲ್ಲ. ಅದಕ್ಕೆ ಬೇಕಾದ ವಿದ್ಯುತ್ತು, ಅದರಿಂದ ಹೊರಬೀಳುವ ಉಪ್ಪುನೀರಿನ ಸಮಸ್ಯೆ ನಮಗೂ ಅರ್ಥವಾಗುತ್ತದೆ. ಸಾರಜನಕ, ರಂಜಕ ತೆಗೆಯುವ ವ್ಯವಸ್ಥೆ, ಮರಳು ಶೋಧಕ, ರೋಗಾಣು ನಾಶ, ಇಷ್ಟನ್ನು ಮೊದಲು ಮಾಡಬಹುದು. ಉಪ್ಪು ಮತ್ತು ಲೋಹದ ಅಂಶ ಹೆಚ್ಚಿರುವ ಘಟಕ ಯಾವುದು ಎಂದು ಪರೀಕ್ಷೆಯಿಂದ ಗೊತ್ತಾದ ಮೇಲೆ ಅಲ್ಲಿಗೆ ಮಾತ್ರ ಮುಂದಿನ ಹಂತ ಹಾಕಬಹುದು. ಕೊಳವೆ, ಪಂಪುಗಳಿಗೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಾಕಿದ ಸರ್ಕಾರ ನೀರನ್ನು ಶುದ್ಧ ಮಾಡುವ ಹೊತ್ತಿಗೆ ಹಣವಿಲ್ಲ ಎನ್ನಬಾರದು. ಇವತ್ತು ಹಳ್ಳಿ ಹಳ್ಳಿಯಲ್ಲೂ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಜನ ಈ ಖರ್ಚಿನ ಒಂದು ಪಾಲನ್ನು ತಮ್ಮ ಜೇಬಿನಿಂದ ಈಗಾಗಲೇ ಕೊಡುತ್ತಿದ್ದಾರೆ. ಆ ಘಟಕಗಳು ಕೆಟ್ಟು ನಿಂತಾಗ ಬಡವರು ಬೋರ್‌ವೆಲ್ ನೀರಿಗೇ ಹಿಂದಿರುಗುತ್ತಾರೆ. ಕುದಿಸಿ ಕುಡಿಯಿರಿ ಎಂಬ ಸಲಹೆ ರೋಗಾಣುವಿಗೆ ಸರಿ. ನೈಟ್ರೇಟನ್ನಾಗಲಿ ಲೋಹವನ್ನಾಗಲಿ ಕುದಿಸಿ ಕಳೆಯಲು ಆಗುವುದಿಲ್ಲ, ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ನೈಟ್ರೇಟ್ ಹೆಚ್ಚಿದ ನೀರಿನಿಂದ ಮೊದಲು ತೊಂದರೆಯಾಗುವುದು ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ.

ಖರ್ಚು ಕಡಿಮೆ ಮಾಡುವ ಇನ್ನೊಂದು ದಾರಿ ಬೆಂಗಳೂರಿನಲ್ಲಿದೆ. ಮನೆಗಳ ಕೊಳಚೆಯಲ್ಲಿ ಕ್ರೋಮಿಯಂ ಹೆಚ್ಚಾಗಿ ಹುಟ್ಟುವುದಿಲ್ಲ. ಲೋಹಕ್ಕೆ ಲೇಪ ಹಾಕುವ ಸಣ್ಣ ಕಾರ್ಖಾನೆ, ಗ್ಯಾರೇಜು, ಬಣ್ಣ ಹಾಕುವ ಘಟಕ, ಆಸ್ಪತ್ರೆ, ಪ್ರಯೋಗಾಲಯಗಳು ತಮ್ಮ ತ್ಯಾಜ್ಯವನ್ನು ಒಳಚರಂಡಿಗೋ ರಾಜಕಾಲುವೆಗೋ ಬಿಟ್ಟಾಗ ಅದು ಮನೆಗಳ ಕೊಳಚೆಯೊಂದಿಗೆ ಬೆರೆಯುತ್ತದೆ. ಒಮ್ಮೆ ಬೆರೆತ ಮೇಲೆ ತೆಗೆಯುವುದು ಕಷ್ಟ, ಬೆರೆಯದಂತೆ ತಡೆಯುವುದು ಸುಲಭ. ಜಲ ಕಾಯ್ದೆ ಬಂದ 1974ರಿಂದಲೂ ಈ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಯಲ್ಲಿದೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳಲ್ಲಿ ಅದನ್ನು ಬಳಸಿದರೆ ಕೋಲಾರದಲ್ಲಿ ನಾವು ನಿರಾಳವಾಗುತ್ತೇವೆ. ಈ ಮಾತು ನಮಗೆ ಮಾತ್ರ ಅನ್ವಯಿಸುವುದೂ ಅಲ್ಲ. ಹೆಬ್ಬಾಳ-ನಾಗವಾರ ಕಣಿವೆಯಿಂದ 65 ಕೆರೆಗಳಿಗೆ ದಿನಕ್ಕೆ 21 ಕೋಟಿ ಲೀಟರ್ ಕಳಿಸುವ ಯೋಜನೆ ಚಿಕ್ಕಬಳ್ಳಾಪುರದ ಕಡೆ ಇದೆ. ವೃಷಭಾವತಿ ಕಣಿವೆಯ ನೀರು ನೆಲಮಂಗಲ, ತುಮಕೂರಿನ ಕಡೆಯ ಕೆರೆಗಳಿಗೆ ಹೊರಟಿದೆ, ಮತ್ತು ಪೀಣ್ಯದ ಕೈಗಾರಿಕಾ ಪ್ರದೇಶದ ನೀರು ಇಳಿಯುವುದು ಆ ಕಣಿವೆಗೇ. ನಮ್ಮಲ್ಲಿ ಸರಿಪಡಿಸದೆ ಬಿಟ್ಟ ತಪ್ಪು ಅಲ್ಲಿ ಮಾದರಿಯಾಗಿ ನಿಲ್ಲುತ್ತದೆ.

ಇಷ್ಟೆಲ್ಲದರ ನಡುವೆ ನಮಗೆ ಅತಿ ಹೆಚ್ಚು ತೊಡಕಾಗಿ ಕಾಣುವುದು ತಂತ್ರಜ್ಞಾನವೂ ಅಲ್ಲ, ಹಣವೂ ಅಲ್ಲ, ಹೊಣೆ ಯಾರದು ಎಂಬುದು. ಸಂಸ್ಕರಣಾ ಘಟಕದ ಬಾಗಿಲಿನ ತನಕ ನೀರು ಜಲಮಂಡಳಿಯದು. ಅಲ್ಲಿಂದ ಕೆರೆಯ ತನಕ ಸಣ್ಣ ನೀರಾವರಿ ಇಲಾಖೆಯದು. ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಅದೇ ನೀರು ಬೋರ್‌ವೆಲ್‌ನಿಂದ ಮೇಲೆದ್ದು ನಲ್ಲಿಗೆ ಬರುವ ಹೊತ್ತಿಗೆ ಗ್ರಾಮ ಪಂಚಾಯಿತಿಯದು. ಅದನ್ನು ಕುಡಿದವರಿಗೆ ಕಾಯಿಲೆ ಬಂದರೆ ಆರೋಗ್ಯ ಇಲಾಖೆಯದು. ಪ್ರತಿಯೊಬ್ಬರೂ ತಮ್ಮ ಗಡಿಯೊಳಗೆ ಕೆಲಸ ಸರಿಯಾಗಿ ಮಾಡಿರಬಹುದು, ಆದರೂ ಕೊನೆಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಹಳೆಯ ಕಾಲದಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬಿನಿಂದ ಕೊನೆಯ ಗದ್ದೆಯ ತನಕ ನೀರಿನ ಹೊಣೆ ಅವನದಾಗಿತ್ತು. ಸಾವಿರ ಕೋಟಿಗೂ ಮೀರಿದ ಯೋಜನೆಗೆ ಅಷ್ಟು ಸ್ಪಷ್ಟವಾದ ಹೊಣೆಗಾರಿಕೆ ಬೇಕು ಎಂದು ಕೇಳುವುದು ಹೆಚ್ಚಾಗಲಾರದು.

ಆದ್ದರಿಂದ ನಮ್ಮ ಕೋರಿಕೆಗಳು ಇವು. ಸಂಸ್ಕರಣಾ ಘಟಕದಿಂದ ಬೋರ್‌ವೆಲ್‌ನವರೆಗೆ ಇಡೀ ದಾರಿಗೆ ಉತ್ತರದಾಯಿಯಾಗುವ ಒಬ್ಬ ಅಧಿಕಾರಿಯನ್ನು, ನಿಮ್ಮ ಮೂರೂ ಸಂಸ್ಥೆಗಳು ಮತ್ತು ಆರೋಗ್ಯ ಇಲಾಖೆ ಸೇರಿ, ಕೋಲಾರದಲ್ಲೇ ಕಚೇರಿ ಇರುವಂತೆ ನೇಮಿಸಿ. ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಪ್ರತಿ ಕೆರೆಯ ನೀರನ್ನೂ ಹೂಳನ್ನೂ ಅದರ ಸುತ್ತಲಿನ ಕುಡಿಯುವ ನೀರಿನ ಬೋರ್‌ವೆಲ್‌ಗಳನ್ನೂ ಕುಡಿಯುವ ನೀರಿನ ಪೂರ್ಣ ಮಾನಕಕ್ಕೆ ಪರೀಕ್ಷಿಸಿ. ಮಾದರಿ ತೆಗೆಯುವಾಗ ಪಂಚಾಯಿತಿಯವರು, ಊರಿನವರು ಜೊತೆಗಿರಲಿ, ಪರೀಕ್ಷೆ ನಿಮ್ಮ ಅಧೀನದಲ್ಲಿಲ್ಲದ ಪ್ರಯೋಗಾಲಯದಲ್ಲಿ ಆಗಲಿ. ಫಲಿತಾಂಶವನ್ನು ಕೆರೆ ಏರಿಯ ಮೇಲಿನ ಫಲಕದಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ. ಘಟಕದಿಂದ ಹೊರಡುವ ನೀರು ಮಿತಿ ಮೀರಿದ ಕ್ಷಣ ಪಂಪು ತಾನಾಗಿ ನಿಲ್ಲುವ ವ್ಯವಸ್ಥೆ ಮಾಡಿ, ನಿಂತ ದಿನ ಕಾರಣ ತಿಳಿಸಿ. ಕೆರೆ ಅಂಗಳದಲ್ಲಿ ಬಾಯಿ ತೆರೆದಿರುವ ಹಳೆಯ ಕೊಳವೆಬಾವಿಗಳನ್ನು ಈ ಬೇಸಿಗೆಯೊಳಗೆ ಮುಚ್ಚಿಸಿ. ಇದಕ್ಕೆ ದೊಡ್ಡ ಹಣ ಬೇಡ. ಹೂಳಿನ ಪರೀಕ್ಷೆ ಆಗದ ಕೆರೆಯಿಂದ ಮಣ್ಣು ಹೊಡೆಯಲು ಪರವಾನಗಿ ಕೊಡಬೇಡಿ. ಮೂರನೇ ಹಂತದ ಸಂಸ್ಕರಣೆಗೆ ಘಟಕವಾರು ದಿನಾಂಕ ಹಾಕಿದ ಕಾರ್ಯಯೋಜನೆಯನ್ನು ಪ್ರಕಟಿಸಿ, ಅದು ಶುರುವಾಗುವ ತನಕ ಹೊಸ ಕೆರೆಗಳಿಗೆ ಕೊಳವೆ ಎಳೆಯುವುದನ್ನು ತಡೆಹಿಡಿಯಿರಿ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆಯ ನೀರು ಮುಂದೆ ನಮ್ಮ ಜಿಲ್ಲೆಗೆ ಬಂದಾಗ, ಅದನ್ನು ಈ ಕೆರೆಗಳಿಗೆ ಸೇರಿಸದೆ ಬೇರೆ ಕೆರೆಗಳಿಗೆ ಬಿಡುವ ನಕ್ಷೆಯನ್ನು ಈಗಲೇ ತಯಾರಿಸಿ.

ಈ ಪತ್ರದಲ್ಲಿ ಎಲ್ಲಿಯಾದರೂ ತಪ್ಪು ತಿಳಿದಿದ್ದೇವೆ ಎಂದು ನಿಮಗೆ ಅನ್ನಿಸಿದರೆ, ಅಂಕಿ ಅಂಶದೊಂದಿಗೆ ನಮ್ಮ ಊರುಗಳ ಗ್ರಾಮಸಭೆಗೆ ಬಂದು ತಿಳಿಸಿ. ಮುಂದಿನ ಸುತ್ತಿನ ಸಭೆಗಳ ದಿನಾಂಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಂದ ಪಡೆಯಬಹುದು. ನಿಮ್ಮ ಎಂಜಿನಿಯರುಗಳಿಗೆ ಕೆರೆ, ಬೋರ್‌ವೆಲ್ ತೋರಿಸಲು ಪ್ರತಿ ಊರಿನಲ್ಲೂ ಜನ ಸಿದ್ಧರಿರುತ್ತಾರೆ.



ಇಂತಿ ತಮ್ಮ ವಿಶ್ವಾಸಿಗಳು,
ಕೆ.ಸಿ. ವ್ಯಾಲಿ ಯೋಜನೆಯ ಕೆರೆಗಳ ಅಚ್ಚುಕಟ್ಟಿನ ನಿವಾಸಿಗಳು,
ಕೋಲಾರ ಜಿಲ್ಲೆ